ಇಂಗ್ಲೆಂಡಿಗೆ ಹೊರಟ ತುಮಕೂರಿನವರಿಗೆ: ಕೌನ್ಸಿಲ್ ನಿಮ್ಮದೂ ಹೌದು

ಈ ಸಲ ರಜಕ್ಕೆ ತುಮಕೂರಿಗೆ ಬಂದಾಗ ಚಿಕ್ಕಪ್ಪನ ಮಗಳು ಎಸ್.ಎಸ್. ಪುರಂನ ನಮ್ಮ ಮನೆಗೆ ಬಂದಿದ್ದಳು. ಇಂಗ್ಲೆಂಡಿನಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡುತ್ತಾಳೆ. ಬಾಡಿಗೆ ಕರಾರನ್ನು ಮೊಬೈಲಿನಲ್ಲಿ ತೋರಿಸಿ, “ಅಕ್ಕ, ಕೌನ್ಸಿಲ್ ಟ್ಯಾಕ್ಸ್ ನಾವೇ ಕಟ್ಟಬೇಕು ಅಂತ ಬರೆದವ್ರೆ. ಮನೆ ಕಂದಾಯ ಓನರ್ ತಾನೆ ಕಟ್ಟೋದು?” ಅಂದಳು. ಹದಿನಾಲ್ಕು ವರ್ಷದ ಹಿಂದೆ ನನಗೂ ಇದೇ ಪ್ರಶ್ನೆ ಬಂದಿತ್ತು, ಹೇಳುವವರು ಯಾರೂ ಇರಲಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಇದೆಲ್ಲ ಇಂಗ್ಲೆಂಡಿಗೆ ಮಾತ್ರ ಅನ್ವಯ. ಸ್ಕಾಟ್ಲೆಂಡಿನಲ್ಲೂ ವೇಲ್ಸ್‌ನಲ್ಲೂ ಕೆಲವು ನಿಯಮ ಬೇರೆ.

ಕೌನ್ಸಿಲ್ ಎಂದರೆ ನಮ್ಮ ಪಾಲಿಕೆಯಂಥ ಸ್ಥಳೀಯ ಆಡಳಿತ. ಅಲ್ಲಿ ಅದಕ್ಕೆ ಕಟ್ಟುವ ಈ ತೆರಿಗೆ ಸಾಮಾನ್ಯವಾಗಿ ಮನೆಯಲ್ಲಿ ವಾಸ ಇರುವವರ ಮೇಲೆ ಬೀಳುತ್ತದೆ, ಓನರ್ ಮೇಲಲ್ಲ. 1991ರ ಏಪ್ರಿಲ್ 1ರಂದು ಆ ಮನೆಗೆ ಎಷ್ಟು ಬೆಲೆ ಬರುತ್ತಿತ್ತು ಎಂಬ ಲೆಕ್ಕದಲ್ಲಿ ‘ಎ’ಯಿಂದ ‘ಎಚ್’ವರೆಗೆ ದರ್ಜೆ ಇವೆ. ದೊಡ್ಡವರು ಒಬ್ಬರೇ ಇದ್ದರೆ ಶೇ. 25 ರಿಯಾಯಿತಿ. ಪೂರ್ಣಾವಧಿ ವಿದ್ಯಾರ್ಥಿಗಳು ಮಾತ್ರ ಇರುವ ಮನೆಗೆ ಪೂರ್ತಿ ವಿನಾಯಿತಿ. ಆದರೆ ನೀವು ತಿಳಿಸಿದರೆ ತಾನೆ ಅವರಿಗೆ ಗೊತ್ತಾಗುವುದು? ಒಂಟಿಯಾಗಿದ್ದೂ ವರ್ಷಗಟ್ಟಲೆ ಪೂರ್ತಿ ಕಟ್ಟಿದ ನಮ್ಮ ಹುಡುಗರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಇನ್ನು ಮುಖ್ಯ ವಿಷಯ. ನಮ್ಮವರಲ್ಲಿ ಹೆಚ್ಚಿನವರು “ನಾವು ಇಲ್ಲಿಯ ಪ್ರಜೆಗಳಲ್ಲ, ನಮಗ್ಯಾಕೆ” ಎಂದು ತೆರಿಗೆ ಕಟ್ಟಿ ಸುಮ್ಮನಿದ್ದುಬಿಡುತ್ತಾರೆ. ಅದು ತಪ್ಪು ತಿಳಿವಳಿಕೆ. ಭಾರತ ಕಾಮನ್‌ವೆಲ್ತ್ ದೇಶ. ಸಕ್ರಮ ವೀಸಾದ ಮೇಲೆ ಅಲ್ಲಿ ವಾಸವಿರುವ, 18 ತುಂಬಿದ ಭಾರತೀಯರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಕೌನ್ಸಿಲ್ ಚುನಾವಣೆಯಲ್ಲೂ ಪಾರ್ಲಿಮೆಂಟ್ ಚುನಾವಣೆಯಲ್ಲೂ ಓಟು ಹಾಕಬಹುದು. ಹೆಸರು ನೋಂದಾಯಿಸಲು ಆನ್‌ಲೈನಿನಲ್ಲಿ ಐದು ನಿಮಿಷ ಸಾಕು. 2023ರಿಂದ ಮತಗಟ್ಟೆಯಲ್ಲಿ ಫೋಟೊ ಇರುವ ಗುರುತಿನ ದಾಖಲೆ ಕೇಳುತ್ತಾರೆ, ಅದಕ್ಕೂ ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ. ಕಾಯಂ ವಾಸದ ಪರವಾನಗಿ ಬಂದಮೇಲೆ ಕೌನ್ಸಿಲರ್ ಸ್ಥಾನಕ್ಕೆ ನಿಲ್ಲಲೂಬಹುದು.

ನಿಂತು ಗೆದ್ದ ಕನ್ನಡಿಗರೂ ಇದ್ದಾರೆ. ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ 2010–11ರಲ್ಲಿ ಲಂಡನ್ನಿನ ಲ್ಯಾಂಬೆತ್ ಕೌನ್ಸಿಲ್ಲಿಗೆ ಮೇಯರ್ ಆಗಿದ್ದರು. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಹಿಂದೆ ಅವರ ಓಡಾಟವಿದೆ. ಸಿದ್ಧಗಂಗೆಯ ಊರಿನಿಂದ ಹೋದವರು ಒಮ್ಮೆ ಅಲ್ಲಿ ನಿಂತು ನೋಡಬೇಕು.

ಕೌನ್ಸಿಲ್ಲಿನ ಒಳಗನ್ನು ನಮ್ಮ ಪಾಲಿಕೆಯ ಪಕ್ಕ ಇಟ್ಟು ನೋಡಿದರೆ ಬೇಗ ತಿಳಿಯುತ್ತದೆ. ತುಮಕೂರಿನಲ್ಲಿ 35 ವಾರ್ಡ್. ಸದಸ್ಯರನ್ನು ನಾವು ಆರಿಸುತ್ತೇವೆ, ಆಯುಕ್ತರು ಮಾತ್ರ ಬೆಂಗಳೂರಿನ ವರ್ಗಾವಣೆ ಆದೇಶದ ಮೇಲೆ ಬರುತ್ತಾರೆ. ಅಲ್ಲಿ ಡಿ.ಸಿ. ಇಲ್ಲ, ವರ್ಗಾವಣೆಯೂ ಇಲ್ಲ. ಆಯುಕ್ತರಂತೆ ಕೆಲಸ ಮಾಡುವ ಚೀಫ್ ಎಕ್ಸಿಕ್ಯುಟಿವ್ ಅವರನ್ನು ಗೆದ್ದ ಕೌನ್ಸಿಲರುಗಳೇ ನೇಮಿಸಿಕೊಳ್ಳುತ್ತಾರೆ. ಹಾಗಾಗಿ ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಬರೆದ ಒಂದು ಇಮೇಲ್‌ಗೆ ತೂಕವಿದೆ. ಕೆಲವು ಕಡೆ ಕೌಂಟಿ, ಡಿಸ್ಟ್ರಿಕ್ಟ್ ಎಂದು ಎರಡು ಹಂತ ಇರುತ್ತವೆ. ರಸ್ತೆ ಗುಂಡಿ, ಶಾಲೆ ಸೀಟು, ಲೈಬ್ರರಿ ಕೌಂಟಿಯದು. ಕಸ, ಮನೆ ಪ್ಲಾನು ಡಿಸ್ಟ್ರಿಕ್ಟಿನದು. ತಪ್ಪು ಬಾಗಿಲು ತಟ್ಟಿ ವಾರ ಕಳೆದುಕೊಳ್ಳಬೇಡಿ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಬರ್ಮಿಂಗ್‌ಹ್ಯಾಮ್ ಇದೆ. 2023ರ ಸೆಪ್ಟೆಂಬರಿನಲ್ಲಿ ಅಷ್ಟು ದೊಡ್ಡ ಕೌನ್ಸಿಲ್ ಕೈಚೆಲ್ಲಿ ಸೆಕ್ಷನ್ 114 ನೋಟಿಸ್ ಹೊರಡಿಸಿತು. ಅಗತ್ಯ ಸೇವೆ ಬಿಟ್ಟು ಬೇರೆ ಹೊಸ ಖರ್ಚು ಮಾಡುವಂತಿಲ್ಲ ಎಂದು ಅದರ ಅರ್ಥ. ಕೇಂದ್ರ ಸರ್ಕಾರ ತನ್ನ ಕಮಿಷನರುಗಳನ್ನು ಕೂರಿಸಿತು. ಮರುವರ್ಷ ಜನರ ಕೌನ್ಸಿಲ್ ಟ್ಯಾಕ್ಸ್ ಶೇ. 10ರಷ್ಟು ಏರಿತು.

“ಕೌನ್ಸಿಲ್‌ನವರು ನಮ್ಮ ಮೇಲೆ ಕಣ್ಣಿಟ್ಟಿರ್ತಾರಂತೆ, ಹೌದಾ ಅಕ್ಕ?” ಎಂದು ತಂಗಿ ಕೇಳಿದಳು. ಸ್ಮಾರ್ಟ್ ಸಿಟಿ ಬಂದಮೇಲೆ ನಮ್ಮೂರಿನ ಸರ್ಕಲ್ಲುಗಳಲ್ಲೂ ಕ್ಯಾಮೆರಾ ಇವೆ. ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ ಎಂದು ನಾವು ಕೇಳಿಲ್ಲ. ಅಲ್ಲಿ ಕೇಳಬಹುದು. ಬೀದಿ ಕ್ಯಾಮೆರಾ ಇದ್ದಲ್ಲಿ ಯಾರದು, ಯಾಕೆ ಎಂಬ ಫಲಕ ಇರಬೇಕು. ನಿಮ್ಮ ಚಿತ್ರ ಅದರಲ್ಲಿದ್ದರೆ ಅದರ ಪ್ರತಿಯನ್ನು ಉಚಿತವಾಗಿ ಕೇಳುವ ಹಕ್ಕಿದೆ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಬೇಕು.

ಗುಟ್ಟಾಗಿ ಹಿಂಬಾಲಿಸುವುದು ಬೇರೆ ಮಾತು. ಅದಕ್ಕೆ 2000ದ ಕಾಯ್ದೆ ಇದೆ, ‘ರಿಪಾ’ ಅನ್ನುತ್ತಾರೆ. ಡಾರ್ಸೆಟ್‌ನ ಪೂಲ್ ಎಂಬಲ್ಲಿ 2008ರಲ್ಲಿ ಕೌನ್ಸಿಲ್‌ನವರು ಒಂದು ಕುಟುಂಬವನ್ನು ಹತ್ತಿರ ಹತ್ತಿರ ಮೂರು ವಾರ ಬೇಹು ನೋಡಿದರು. ಅವರು ಭಯೋತ್ಪಾದಕರಾಗಿರಲಿಲ್ಲ. ಮಗುವಿನ ಶಾಲೆ ಸೀಟಿಗೆ ಕೊಟ್ಟ ವಿಳಾಸದಲ್ಲಿ ನಿಜವಾಗಿ ವಾಸವಿದ್ದಾರೋ ಇಲ್ಲವೋ ಎಂಬುದಷ್ಟೇ ಅನುಮಾನ. ತಾಯಿ, ಮಕ್ಕಳು ಯಾವಾಗ ಕಾರು ಹತ್ತಿದರು ಎನ್ನುವುದನ್ನೂ ಬರೆದಿಟ್ಟರು. ಕುಟುಂಬ ಬಿಡಲಿಲ್ಲ. ಇಂಥ ದೂರುಗಳಿಗೆಂದೇ ಇರುವ ಇನ್ವೆಸ್ಟಿಗೇಟರಿ ಪವರ್ಸ್ ಟ್ರಿಬ್ಯುನಲ್ 2010ರಲ್ಲಿ ಅದು ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿತು. ಅವರು ವಿಳಾಸದ ವಿಷಯದಲ್ಲಿ ಸುಳ್ಳು ಹೇಳಿರಲೂ ಇಲ್ಲ.

2012ರ ನವೆಂಬರ್ 1ರಿಂದ ನಿಯಮ ಬಿಗಿಯಾಯಿತು. ಕೌನ್ಸಿಲ್ ಗುಟ್ಟಾಗಿ ಬೇಹು ನೋಡಬೇಕಾದರೆ ಮೊದಲು ಮ್ಯಾಜಿಸ್ಟ್ರೇಟ್ ಒಪ್ಪಬೇಕು. ಅಪರಾಧವೂ ಕನಿಷ್ಠ 6 ತಿಂಗಳ ಜೈಲು ವಿಧಿಸಬಹುದಾದಂಥದ್ದಾಗಿರಬೇಕು, ಇಲ್ಲವೇ ಮಕ್ಕಳಿಗೆ ಹೆಂಡ, ತಂಬಾಕು ಮಾರಿದ ಪ್ರಕರಣವಾಗಿರಬೇಕು. ಲೋಡುಗಟ್ಟಲೆ ಕಸ ತಂದು ಸುರಿಯುವವರಿಗೆ ಇದು ಅನ್ವಯಿಸುತ್ತದೆ. ನಾಯಿ ಹೇಲಿಗೆ, ಬಿಸಾಡಿದ ಒಂದು ಕಾಗದಕ್ಕೆ ಅನ್ವಯಿಸುವುದಿಲ್ಲ. ಮನೆಯೊಳಗೆ ಕ್ಯಾಮೆರಾ ಇಡುವುದು, ಫೋನ್ ಕದ್ದು ಕೇಳುವುದು ಕೌನ್ಸಿಲ್ಲಿಗೆ ಸಾಧ್ಯವೇ ಇಲ್ಲ. ಯಾರು ಯಾರಿಗೆ ಯಾವಾಗ ಫೋನ್ ಮಾಡಿದರು ಎಂಬ ವಿವರ ಬೇಕಾದರೂ ಹೊರಗಿನ ಅಧಿಕಾರಿಯ ಒಪ್ಪಿಗೆ ಪಡೆಯಬೇಕು. ಇದನ್ನೆಲ್ಲ ತಪಾಸಣೆ ಮಾಡಲು ಇನ್ವೆಸ್ಟಿಗೇಟರಿ ಪವರ್ಸ್ ಕಮಿಷನರ್ ಕಚೇರಿ ಇದೆ. ಟ್ರಿಬ್ಯುನಲ್ಲಿಗೆ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಸಾಮಾನ್ಯವಾಗಿ ವರ್ಷದೊಳಗೆ ಕೊಡಬೇಕು. ಇಷ್ಟು ಹೇಳಿದೆ ಅಂತ ಶಾಲೆ ಸೀಟಿಗೆ ನೆಂಟರ ಮನೆ ವಿಳಾಸ ಕೊಡಬೇಡಿ. ದಾಖಲೆ ಕೇಳಿ ಪರಿಶೀಲಿಸುತ್ತಾರೆ, ಸುಳ್ಳಾದರೆ ಸೀಟು ಹೋಗುತ್ತದೆ. ಬೇರೆ ಆಡಳಿತದ ದೂರಿದ್ದರೆ ಮೊದಲು ಕೌನ್ಸಿಲ್ಲಿಗೇ ಬರೆದು, ಸರಿಹೋಗದಿದ್ದರೆ, ವಿಷಯ ನಿಮಗೆ ಗೊತ್ತಾದ 12 ತಿಂಗಳೊಳಗೆ, ಇಂಥ ದೂರು ವಿಚಾರಿಸುವ ಓಂಬುಡ್ಸ್‌ಮನ್ ಹತ್ತಿರ ಹೋಗಬೇಕು.

ಟೆಂಡರಿನ ವಿಷಯ ಬಂದಾಗ ಪಕ್ಕದಲ್ಲಿ ಕೂತಿದ್ದ ಅಪ್ಪ ಕಿವಿ ಕೊಟ್ಟರು. ಮೂವತ್ತು ವರ್ಷ ಚರಂಡಿ, ಮೋರಿ, ಶಾಲೆ ಕಾಂಪೌಂಡು ಕಟ್ಟಿದ ಸಣ್ಣ ಕಂಟ್ರಾಕ್ಟರ್ ಅವರು. ಇಎಂಡಿ ಎಂಬ ಟೆಂಡರ್ ಠೇವಣಿಯ ಡಿ.ಡಿ.ಯನ್ನು ಗುಂಡುಪಿನ್ನು ಹಾಕಿ ಚುಚ್ಚಿದ ಫಾರಂಗಳನ್ನು ಕಂದು ರೆಕ್ಸಿನ್ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದ್ದನ್ನು ನಾವು ನೋಡಿದ್ದೇವೆ. ಟೆಂಡರಿನಲ್ಲಿ ಪಾರದರ್ಶಕತೆಗೆಂದು ಮಾಡಿದ ರಾಜ್ಯದ ಕೆಟಿಪಿಪಿ ಕಾಯ್ದೆ ಬಂದು, ಆಮೇಲೆ ಟೆಂಡರ್ ಕಂಪ್ಯೂಟರಿಗೆ ಏರಿದ ಮೇಲೂ ಒಂದು ಇಲಾಖೆಯಿಂದ ಬರಬೇಕಾದ ಕೊನೇ ಬಿಲ್ಲಿಗೆ ನಾಲ್ಕು ವರ್ಷ ಅಲೆದರು.

ಇಂಗ್ಲೆಂಡಿನಲ್ಲಿ 2023ರ ಪ್ರೊಕ್ಯೂರ್‌ಮೆಂಟ್ ಕಾಯ್ದೆ 2025ರ ಫೆಬ್ರವರಿ 24ರಿಂದ ನಡೆಯುತ್ತಿದೆ. ಕೌನ್ಸಿಲ್ ಕೊಳ್ಳುವ ಸರಕು, ಸೇವೆ ಸುಮಾರು 2 ಲಕ್ಷ ಪೌಂಡು ದಾಟಿದರೆ, ಕಾಮಗಾರಿ 50 ಲಕ್ಷ ಪೌಂಡಿಗೂ ಮೇಲೆ ಹೋದರೆ, ಕಾಯ್ದೆಯ ಪೂರ್ತಿ ವಿಧಾನ ಅನುಸರಿಸಬೇಕು. ‘ಫೈಂಡ್ ಎ ಟೆಂಡರ್’ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಣೆ ಬರುತ್ತದೆ. ಅದಕ್ಕಿಂತ ಸಣ್ಣದಾದರೆ ಆಯಾ ಕೌನ್ಸಿಲ್ಲಿನದೇ ಗುತ್ತಿಗೆ ನಿಯಮಗಳಿರುತ್ತವೆ. ನಮ್ಮಲ್ಲಿ ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿದವರಿಗೆ ಕೆಲಸ. ಅಲ್ಲಿ ಬೆಲೆಯ ಜೊತೆಗೆ ಗುಣಮಟ್ಟಕ್ಕೂ ಅಂಕ ಇರಬಹುದು, ಆದರೆ ಯಾವುದಕ್ಕೆ ಎಷ್ಟು ತೂಕ ಎಂದು ಮೊದಲೇ ಹೇಳಿರಬೇಕು. ದೊಡ್ಡ ಟೆಂಡರಿನಲ್ಲಿ ಸೋತವರಿಗೂ ತಮ್ಮ ಅರ್ಜಿಗೆ ಹೇಗೆ ಅಂಕ ಬಂತೆಂದು ಬರೆದುಕೊಡಬೇಕು. ಆಮೇಲೆ ಸಾಮಾನ್ಯವಾಗಿ 8 ಕೆಲಸದ ದಿನ ಕಾದು ಸಹಿ ಮಾಡುತ್ತಾರೆ, ತಕರಾರಿದ್ದವರು ಬರಲಿ ಎಂದು. ಬಿಲ್ಲನ್ನು 30 ದಿನದಲ್ಲಿ ಪಾವತಿಸಬೇಕು. ಇದನ್ನು ಕೇಳಿ ಅಪ್ಪ “ಮೂವತ್ತು ದಿನವಾ?” ಎಂದು ಎರಡು ಸಲ ಕೇಳಿದರು.

ಟೆಂಡರ್ ಹಾಕದ ನಮ್ಮಂಥವರಿಗೂ ಇದರಲ್ಲಿ ಕೆಲಸವಿದೆ. 500 ಪೌಂಡು ಮೀರಿದ ಪ್ರತಿ ಖರ್ಚನ್ನೂ, 5,000 ಪೌಂಡು ಮೀರಿದ ಗುತ್ತಿಗೆಗಳನ್ನೂ ಕೌನ್ಸಿಲ್ ಮೂರು ತಿಂಗಳಿಗೊಮ್ಮೆಯಾದರೂ ಪ್ರಕಟಿಸಬೇಕು. ಹೀಗೆ ನೋಡುತ್ತಿದ್ದಾಗಲೇ ನಮ್ಮ ಮನೆ ಪಕ್ಕದ ಪಾರ್ಕಿನ ಹೆಸರು ನನಗೆ ಸಿಕ್ಕಿದ್ದು. ಮಕ್ಕಳ ಆಟದ ಜಾಗಕ್ಕೆ ರಬ್ಬರ್ ನೆಲ ಹಾಸಿ ವರ್ಷ ತುಂಬುವ ಮೊದಲೇ ಜಾರುಬಂಡೆಯ ಬುಡದಲ್ಲಿ ಬಿರುಕು ಬಿಟ್ಟು, ನನ್ನ ಮಗಳ ಬೂಟು ಸಿಕ್ಕಿಕೊಂಡು ಬಿದ್ದಿದ್ದಳು. ಪಟ್ಟಿಯಲ್ಲಿ ಅದೇ ಪಾರ್ಕಿಗೆ, ಅದೇ ಕಂಪನಿಗೆ ಎರಡನೇ ಪಾವತಿ ಕಂಡಿತು. ಅಪ್ಪನಿಗೆ ಫೋನ್ ಮಾಡಿದೆ. “ಡಿಎಲ್‌ಪಿ ಎಷ್ಟು ವರ್ಷ ಅಂತ ಕೇಳಮ್ಮ” ಅಂದರು. ಕೆಲಸ ಮುಗಿದಮೇಲೂ ದೋಷ ಕಂಡರೆ ಕಂಟ್ರಾಕ್ಟರ್ ತನ್ನ ಖರ್ಚಿನಲ್ಲಿ ಸರಿಮಾಡಿಕೊಡಬೇಕಾದ ಅವಧಿ ಅದು.

ಅಲ್ಲಿಯ ಆರ್‌ಟಿಐ ಎಂದರೆ 2000ದ ಫ್ರೀಡಂ ಆಫ್ ಇನ್ಫರ್ಮೇಷನ್ ಕಾಯ್ದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಬೇಕಿಲ್ಲ, ಪೌರತ್ವ ಬೇಕಿಲ್ಲ, ಕಾರಣ ಹೇಳಬೇಕಿಲ್ಲ. ಹೆಸರು ಹಾಕಿ ಇಮೇಲ್ ಕಳಿಸಿದರೆ 20 ಕೆಲಸದ ದಿನದೊಳಗೆ ಉತ್ತರ ಕೊಡಬೇಕು. “ಪಾರ್ಕಿನಲ್ಲಿ ಅಕ್ರಮ ನಡೆದಿದೆಯಾ” ಎಂದು ಕೇಳಬೇಡಿ, ಉತ್ತರ ಬರುವುದಿಲ್ಲ. ಕಾಗದದ ಹೆಸರು ಹಿಡಿದು ಕೇಳಿ. ನಾನು ಗುತ್ತಿಗೆಯ ದೋಷ ಹೊಣೆಗಾರಿಕೆ ಷರತ್ತಿನ ಪ್ರತಿ, ಎರಡನೇ ಪಾವತಿಯ ಇನ್‌ವಾಯ್ಸ್, ಇವೆರಡನ್ನೇ ಕೇಳಿದೆ. ಹತ್ತೊಂಬತ್ತನೇ ದಿನ ಬಂತು. ಷರತ್ತು ಎರಡು ವರ್ಷದ್ದು. ರಿಪೇರಿಗೆ ಮತ್ತೆ ದುಡ್ಡು ಕೊಟ್ಟಿದ್ದರು.

ಕೌನ್ಸಿಲ್ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಅಜೆಂಡಾ ಐದು ಪೂರ್ಣ ದಿನ ಮೊದಲೇ ಸಿಗುತ್ತದೆ, 2014ರಿಂದ ಮೊಬೈಲಿನಲ್ಲಿ ಚಿತ್ರೀಕರಿಸಲೂ ಅವಕಾಶವಿದೆ. ವೈಯಕ್ತಿಕ ಅಥವಾ ವ್ಯಾಪಾರದ ಗುಟ್ಟಿನ ವಿಷಯ ಬಂದಾಗ ಮಾತ್ರ ಹೊರಗೆ ಕಳಿಸುತ್ತಾರೆ. ವಾರ್ಷಿಕ ಲೆಕ್ಕದ ಪುಸ್ತಕ, ಬಿಲ್ಲು, ಗುತ್ತಿಗೆಗಳನ್ನು ನೋಡಲು ವರ್ಷಕ್ಕೊಮ್ಮೆ 30 ಕೆಲಸದ ದಿನಗಳ ಅವಕಾಶವೂ ಇದೆ. ಅದರಲ್ಲಿ ಆಡಿಟರ್‌ಗೆ ಆಕ್ಷೇಪಣೆ ಸಲ್ಲಿಸುವ ಹಕ್ಕು ಮತದಾರರ ಪಟ್ಟಿಯಲ್ಲಿರುವವರಿಗೆ ಮಾತ್ರ. ಓಟಿನ ಹೆಸರು ನೋಂದಾಯಿಸಿ ಎಂದು ನಾನು ತಂಗಿಯ ಬೆನ್ನು ಹತ್ತಿದ್ದು ಇದಕ್ಕೇ.

ನಾನು ಅಷ್ಟು ದೂರ ಹೋಗಬೇಕಾಗಲಿಲ್ಲ. ಪ್ರಶ್ನೆಯನ್ನು ಮೊದಲೇ ಬರೆದು ಕಳಿಸಿ, ಒಂದು ಸಂಜೆ ಸಮಿತಿ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತೆ. ಕೈ ನಡುಗುತ್ತಿತ್ತು, ಎರಡು ನಿಮಿಷ ಓದಿದೆ. ಅಧ್ಯಕ್ಷೆ ಅಧಿಕಾರಿಯ ಕಡೆ ತಿರುಗಿ ಆ ಷರತ್ತು ಇದೆಯೋ ಇಲ್ಲವೋ ಎಂದಷ್ಟೇ ಕೇಳಿದರು. ಅವರು ಇದೆ ಎಂದರು. ಆರು ವಾರದಲ್ಲಿ ಕಂಪನಿಯ ವ್ಯಾನ್ ಬಂತು, ಜಾರುಬಂಡೆಯ ಸುತ್ತ ನೆಲ ಕಿತ್ತು ಪುಕ್ಕಟೆ ಹೊಸದಾಗಿ ಹಾಕಿದರು, ಮೊದಲು ಕೊಟ್ಟ ದುಡ್ಡನ್ನೂ ವಾಪಸು ಪಡೆಯುತ್ತೇವೆ ಎಂದು ಕೌನ್ಸಿಲ್ ಬರೆಯಿತು.

ಅಪ್ಪನಿಗೆ ಫೋಟೊ ಕಳಿಸಿದೆ. ದೊಡ್ಡದು ಮಾಡಿ ನೋಡಿರಬೇಕು, ಸ್ವಲ್ಪ ಹೊತ್ತು ಬಿಟ್ಟು ಫೋನ್ ಮಾಡಿದರು. “ಅಂಚು ಸರಿಯಾಗಿ ಕೂತಿಲ್ಲ ಅನ್ಸುತ್ತೆ. ಮಳೆ ಬಂದ ಮಾರನೇ ದಿನ ಹೋಗಿ ನೀರು ನಿಂತಿದ್ಯಾ ನೋಡಮ್ಮ. ಎರಡು ವರ್ಷ ಇನ್ನೂ ಮುಗಿದಿಲ್ಲ.”