ತಂಬಾಕು ಬಿಡಲು ನಿಮ್ಮದೇ ಕಾರಣವನ್ನು ಕಂಡುಕೊಳ್ಳುವ ಬಗೆ

ತಂಬಾಕು ಹಾನಿಕರ ಎಂಬುದು ಅದನ್ನು ಸೇವಿಸುವವರಿಗೂ ಚೆನ್ನಾಗಿ ಗೊತ್ತಿರುವುದರಿಂದ, ಆ ಮಾತೊಂದೇ ಚಟವನ್ನು ಬಿಡಿಸುವುದು ಅಪರೂಪ. ಬೇಕಾಗಿರುವುದು ನಿಮ್ಮ ಬದುಕಿನೊಳಗಿಂದಲೇ ಹುಟ್ಟಿದ ಕಾರಣ. ಅದನ್ನು ಒಂದು ಹಾಳೆಯಲ್ಲಿ ನಿಮ್ಮ ಕೈಬರಹದಲ್ಲೇ ಬರೆಯಿರಿ. ‘ಆರೋಗ್ಯಕ್ಕಾಗಿ’ ಎಂದಷ್ಟೇ ಬರೆದರೆ ಸಾಲದು. ‘ಎರಡನೆಯ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ’, ‘ಎತ್ತಿಕೊಂಡರೆ ಮಗಳು ವಾಸನೆಗೆ ಮುಖ ತಿರುಗಿಸುತ್ತಾಳೆ’ ಎಂಬಂತೆ ಕಣ್ಣಿಗೆ ಕಟ್ಟುವ ಹಾಗಿರಲಿ. ಬರೆಯುವಾಗ ಮನಸ್ಸಿಗೆ ಚುಚ್ಚಿದ ಸಾಲೇ ಮುಂದೆ ಕೈಹಿಡಿಯುತ್ತದೆ ಎಂಬುದು ನನ್ನ ನಂಬಿಕೆ. ತಂಬಾಕಿಗೆ ತಿಂಗಳಿಗೆ ಖರ್ಚಾಗುವ ಹಣವನ್ನೂ ಲೆಕ್ಕ ಹಾಕಿ ಅದರ ಕೆಳಗೆ ನಮೂದಿಸಿ.

ದೇಹ ಕೊಡುವ ಭರವಸೆಯೂ ದೊಡ್ಡದು. ಸಿಗರೇಟು ಬಿಟ್ಟ 20 ನಿಮಿಷಗಳಲ್ಲೇ ಹೃದಯಬಡಿತ ಇಳಿಯತೊಡಗುತ್ತದೆ; 1 ವರ್ಷದ ಹೊತ್ತಿಗೆ ಹೃದ್ರೋಗದ ಅಪಾಯವು ಸೇದುವವರಿಗಿರುವುದರ ಸುಮಾರು ಅರ್ಧಕ್ಕೆ ತಗ್ಗುತ್ತದೆ. ಆದರೆ ತಂಬಾಕಿನಲ್ಲಿರುವ, ಚಟ ಹಿಡಿಸುವ ನಿಕೋಟಿನ್ ಇಲ್ಲದ ಮೊದಲ ದಿನಗಳಲ್ಲಿ ಸಿಡುಕು, ಚಡಪಡಿಕೆ, ನಿದ್ದೆಗೇಡು ಕಾಡುವುದು ಸಹಜ. ಅದನ್ನು ಮನೋಬಲದ ಕೊರತೆಯೆಂದು ದಯವಿಟ್ಟು ಭಾವಿಸಬೇಡಿ. ಒಂದೊಂದು ತುಡಿತವೂ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಣ್ಣಗಾಗುವುದರಿಂದ, ಸಿಗರೇಟಿನ ಪೊಟ್ಟಣವಿರುತ್ತಿದ್ದ ಜೇಬಿನಲ್ಲೇ ಆ ಹಾಳೆಯನ್ನು ಮಡಚಿಟ್ಟುಕೊಂಡು, ಕೈ ಅತ್ತ ಹೋದಾಗಲೆಲ್ಲ ಬಿಡಿಸಿ ನಿಧಾನವಾಗಿ ಓದಿ. ಅಷ್ಟಕ್ಕೂ ತಡೆಯಲಾಗದಿದ್ದರೆ ವೈದ್ಯರನ್ನು ಕಂಡು ಜಗಿಯುವ ನಿಕೋಟಿನ್ ಗಮ್ ಅಥವಾ ಚರ್ಮಕ್ಕೆ ಅಂಟಿಸುವ ಪ್ಯಾಚ್ ಕುರಿತು ವಿಚಾರಿಸಿ.