ಟೋಕನ್ ಚೀಟಿ ಹಿಡಿದ ಕೈಗಳು

ಕುಂದಾಪುರ ಸೀಮೆಯ ಒಂದು ಸಣ್ಣ ಪೇಟೆಯಲ್ಲಿ 8 ವರ್ಷದಿಂದ ಆಧಾರ್ ನೋಂದಣಿ ಮಾಡುತ್ತಿದ್ದೇನೆ. ಅರ್ಜಿಯಲ್ಲಿ ಉದ್ಯೋಗ ಕೇಳುವುದಿಲ್ಲ. ಆದರೂ ಎದುರು ಕೂತವರ ಕೆಲಸ ಏನಿರಬಹುದೆಂದು ಊಹಿಸುವ ಚಾಳಿ ಅಂಟಿಕೊಂಡಿದೆ, ಅದೂ ಯಂತ್ರದ ದೆಸೆಯಿಂದ. ಎಡಗೈಯ ನಾಲ್ಕು ಬೆರಳು, ಬಲಗೈಯ ನಾಲ್ಕು, ಆಮೇಲೆ ಎರಡು ಹೆಬ್ಬೆಟ್ಟು ಗಾಜಿನ ಮೇಲೆ ಒತ್ತಿಸಬೇಕು. ಕೆಲವರದ್ದು ಎಷ್ಟು ಒತ್ತಿದರೂ ಮೂಡುವುದಿಲ್ಲ. ಯಾಕೆ ಮೂಡುತ್ತಿಲ್ಲ ಅಂತ ತಿಳಿದರೆ ತಾನೇ ಮೂಡಿಸುವ ಉಪಾಯ ಹೊಳೆಯುವುದು?

ಹತ್ತಕ್ಕೆ ಹತ್ತೂ ಬೆರಳು ನುಣ್ಣಗಾಗಿ, ಚರ್ಮ ಒಣಗಿ ಬಿರಿದಿದ್ದರೆ ಗಾರೆ ಕೆಲಸದವರು. ಸಿಮೆಂಟು ಬೆರಳ ಗೆರೆಗಳನ್ನೇ ತಿಂದುಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರಸಿ ಒತ್ತಿಸಿದರೆ ಒಮ್ಮೊಮ್ಮೆ ಬರುತ್ತದೆ. ಹೆಬ್ಬೆರಳು, ತೋರುಬೆರಳು ಮಾತ್ರ ಸವೆದು ಉಳಿದವು ಸ್ಪಷ್ಟವಾಗಿದ್ದರೆ ಬೀಡಿ ಕಟ್ಟುವವರೆಂದು ತೊಂಬತ್ತು ಪಾಲು ಹೇಳಬಹುದು. ಬೆರಳ ಗಂಟಿನ ಹತ್ತಿರ ಅಡ್ಡಡ್ಡ ಗೀರು ಬಿದ್ದಿದ್ದರೆ ಬಲೆಯ ಹಗ್ಗ ಎಳೆದ ಕೈ. ಗೇರುಬೀಜದ ಕಾರ್ಖಾನೆಯ ಹೆಂಗಸರದ್ದೇ ಕಷ್ಟ. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ತುದಿ ಕಪ್ಪಾಗಿ, ಪದರ ಏಳುತ್ತದೆ. ಎಷ್ಟು ಸೋಪು ಹಾಕಿದರೂ ಅಷ್ಟೇ. ಅಂಥವರಿಗೆ "ಅಕ್ಕ, ರಜೆ ಸಿಕ್ಕಿದಾಗ ನಾಲ್ಕು ದಿನ ಕೈಗೆ ವಿಶ್ರಾಂತಿ ಕೊಟ್ಟು ಬನ್ನಿ" ಎನ್ನುತ್ತೇನೆ. ಮೇಲಿನ ಚರ್ಮ ಹೋದರೂ ಗೆರೆ ಮತ್ತೆ ಹುಟ್ಟುತ್ತದೆ. ಆದರೆ ದಿನಗೂಲಿಯವರಿಗೆ ನಾಲ್ಕು ದಿನ ಎಲ್ಲಿಂದ ತರುವುದು? ಪುಣ್ಯಕ್ಕೆ ಕಣ್ಣಿನ ಪಾಪೆ ಸವೆಯುವುದಿಲ್ಲ.

ಈ ಕಪ್ಪು ಬಣ್ಣ ನನ್ನನ್ನು ಒಮ್ಮೆ ಬೇಸ್ತು ಬೀಳಿಸಿತು. ಕೈಯೆಲ್ಲ ಕಪ್ಪಾಗಿದ್ದ ಹೆಂಗಸೊಬ್ಬರಿಗೆ "ಯಾವ ಫ್ಯಾಕ್ಟರಿ ಅಮ್ಮಾ?" ಎಂದೆ. ಅವರು ಬ್ಯಾಂಕ್ ಅಧಿಕಾರಿ. ಹಿಂದಿನ ದಿನ ಮನೆಯ ಪೂಜೆಗೆ ಎರಡು ಗೊನೆ ಬಾಳೆಕಾಯಿ ಹೆಚ್ಚಿದ್ದರು, ಅದರ ಕರೆ! ಅವರು ನಕ್ಕರು, ನಾನು ತಲೆ ತಗ್ಗಿಸಿದೆ. ಈಗ ಬರೀ ಬಣ್ಣ ನಂಬುವುದಿಲ್ಲ, ಚರ್ಮ ಎದ್ದಿದೆಯೋ ಅಂತಲೂ ನೋಡುತ್ತೇನೆ.

ಕೈಗಿಂತ ಒಳ್ಳೆಯ ಸುಳಿವು ಟೋಕನ್ ಚೀಟಿ. ಬೆಂಚಿನ ಮೇಲೆ ಅರ್ಧ ತಾಸು ಕಾಯುವವರು ಅದನ್ನು ಏನು ಮಾಡುತ್ತಾರೆ, ಗಮನಿಸಿ. ಬೀಡಿ ಕಟ್ಟುವವರ ಕೈಯಲ್ಲಿ ಅದು ಗೊತ್ತಿಲ್ಲದೆಯೇ ಸುರುಳಿಯಾಗಿ, ತುದಿ ಮಡಚಿಕೊಂಡಿರುತ್ತದೆ. ಬಸ್ ಕಂಡಕ್ಟರು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸುತ್ತಾರೆ, ನಿವೃತ್ತರಾಗಿ ಹತ್ತು ವರ್ಷವಾದರೂ. ಮೇಷ್ಟ್ರುಗಳು ಚೀಟಿಯಲ್ಲಿ ತಪ್ಪು ಹುಡುಕುತ್ತಾರೆ. ಒಬ್ಬರಂತೂ ಪೆನ್ನು ತೆಗೆದು ನಮ್ಮ 'ಸಂಖ್ಯೇ'ಯನ್ನು ತಿದ್ದಿಯೇ ವಾಪಸು ಕೊಟ್ಟರು.

ಬಲ ಮೊಣಕೈ ಎಡದ್ದಕ್ಕಿಂತ ಕಪ್ಪಾಗಿದ್ದರೆ ಲಾರಿಯೋ ಟೆಂಪೋವೋ ಓಡಿಸುವವರು, ಕಿಟಕಿ ಇರುವುದು ಆ ಬದಿಯಲ್ಲಿ ತಾನೇ? ಒಮ್ಮೆ ಒಬ್ಬರದ್ದು ಎಡಗೈ ಕಪ್ಪು. ತಲೆ ಕೆರೆದುಕೊಂಡೆ. ಆಮೇಲೆ ಹೊಳೆದು "ಗಲ್ಫಲ್ಲಿ ಡ್ರೈವರ್ ಆಗಿದ್ದಿರಾ?" ಎಂದೆ. ಸೌದಿಯಲ್ಲಿ 14 ವರ್ಷ ನೀರಿನ ಟ್ಯಾಂಕರ್ ಓಡಿಸಿದವರು. ಅಲ್ಲಿ ಸ್ಟಿಯರಿಂಗ್ ಎಡಕ್ಕೆ. ಆ ದಿನವಿಡೀ ನನಗೆ ನೆಲ ಮುಟ್ಟಲಿಲ್ಲ.

ಆ ಜಂಬ ಇಳಿಸಿದ್ದು ಒಬ್ಬರು ಅಜ್ಜಿ. ಅವರ ಸರದಿ ಬಂದಾಗ ಗಾಜು ಒರಸುತ್ತಿದ್ದೆ.

"ತಮ್ಮಾ, ನೀವ್ ಮೊದ್ಲ್ ಹೋಟ್ಲಲ್ಲಿ ಇದ್ದಿದ್ರಾ?"

ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿನ ಹೋಟೆಲಿನಲ್ಲಿ 3 ವರ್ಷ ಕ್ಲೀನರ್ ಆಗಿದ್ದೆ. ಇಲ್ಲಿ ಯಾರಿಗೂ ಹೇಳಿದವನಲ್ಲ.

"ಹ್ಯಾಂಗೆ ಗೊತ್ತಾಯ್ತ್ ಅಜ್ಜಿ?"

"ನಮ್ಮನಿಯವ್ರ್ ಬೊಂಬಾಯಲ್ಲಿ ಮೂವತ್ತ್ ವರ್ಷ ಟೇಬ್ಲ್ ಒರ್ಸಿದ್ರ್. ಬಟ್ಟೆ ಎಳಿವಾಗ ಆ ಬದಿ ಕೈ ಕಾಣಿ."

ನೋಡಿಕೊಂಡೆ. ಬಲಗೈ ಬಟ್ಟೆಯನ್ನು ನನ್ನ ಕಡೆ ಎಳೆಯುತ್ತಿತ್ತು. ಎಡಗೈ ಮೇಜಿನ ಅಂಚಿನ ಕೆಳಗೆ ಬೊಗಸೆಯಾಗಿ, ಬೀಳದ ಅಗುಳಿಗಾಗಿ ಕಾಯುತ್ತಿತ್ತು.