ಎಲುಬು ಸವೆತದ ಇಂಜೆಕ್ಷನ್ ಆದವರು ಹಲ್ಲು ಕೀಳಿಸುವ ಮುನ್ನ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯವರು ಎಲುಬು ಸವೆತಕ್ಕೆ (ಆಸ್ಟಿಯೋಪೊರೋಸಿಸ್) ಇಂಜೆಕ್ಷನ್ ಹಾಕಿಸುವುದು ಹೆಚ್ಚಾಗಿ ಮಂಗಳೂರಿನಲ್ಲಿ, ಹಲ್ಲು ಕೀಳಿಸುವುದು ಹತ್ತಿರದ ಪೇಟೆಯಲ್ಲಿ. ಎಡವಟ್ಟು ಈ ಎರಡರ ನಡುವೆ: ಈ ಮದ್ದು ಪಡೆದವರಿಗೆ ಹಲ್ಲು ಕಿತ್ತ ಗುಳಿ ಮಾಯದೆ ದವಡೆಯ ಎಲುಬು ಸಾಯುವುದು ಅಪರೂಪಕ್ಕೆ ಉಂಟು. ಹಲ್ಲಿನ ಡಾಕ್ಟರು ‘ಯಾವ ಮದ್ದು ತಗೊಳ್ತೀರಿ?’ ಎಂದರೆ ಬಿಪಿ, ಶುಗರ್ ಮಾತ್ರೆ ನೆನಪಾಗುತ್ತದೆ. ವರ್ಷಕ್ಕೊಮ್ಮೆ ಏರಿಸಿಕೊಂಡ ಡ್ರಿಪ್ ಲೆಕ್ಕಕ್ಕೇ ಬರುವುದಿಲ್ಲ.

ಮೊದಲು ಹಳೇ ಚೀಟಿ ಹುಡುಕಿ. ವಾರಕ್ಕೊಂದು ಅಲೆಂಡ್ರೋನೇಟ್ 70 ಮಿ.ಗ್ರಾಂ ಮಾತ್ರೆ, ವರ್ಷಕ್ಕೊಮ್ಮೆ ಝೋಲೆಡ್ರೋನಿಕ್ ಆಸಿಡ್ 5 ಮಿ.ಗ್ರಾಂ ಡ್ರಿಪ್, 6 ತಿಂಗಳಿಗೊಮ್ಮೆ ಡೆನೊಸುಮಾಬ್ 60 ಮಿ.ಗ್ರಾಂ ಇಂಜೆಕ್ಷನ್: ಇವುಗಳಲ್ಲಿ ಯಾವುದಿದ್ದರೂ ಹೆಸರು, ಪ್ರಮಾಣ, ಕೊನೆಯ ತಾರೀಕು ಬರೆದು ಮೊಬೈಲ್ ಕವರಿನೊಳಗಿಡಿ. ಸವೆತಕ್ಕೆ ತೆಗೆದುಕೊಳ್ಳುವವರಲ್ಲಿ ದವಡೆ ಕೆಡುವುದು 10,000ಕ್ಕೆ ಬೆರಳೆಣಿಕೆಯಷ್ಟು ಮಂದಿಗೆ. ಕ್ಯಾನ್ಸರಿಗೆಂದು ಇದೇ ಮದ್ದನ್ನು ತಿಂಗಳು ತಿಂಗಳು ಪಡೆಯುವವರಿಗೆ ಅಪಾಯ ಎಷ್ಟೋ ಪಾಲು ಹೆಚ್ಚು.

ಕಾರಣ ಇಷ್ಟೆ. ಹಳೇ ಎಲುಬನ್ನು ಕರಗಿಸುವ ಜೀವಕೋಶಗಳನ್ನು ಈ ಮದ್ದು ಸುಮ್ಮನಾಗಿಸುತ್ತದೆ. ಬೆನ್ನು, ಸೊಂಟಕ್ಕೆ ಅದು ಲಾಭ. ದವಡೆಗೆ ಮಾತ್ರ ದಿನವೂ ಜಗಿತದ ಪೆಟ್ಟು, ಮೇಲೆ ತೆಳು ಒಸಡು, ಸುತ್ತ ಬಾಯಿಯ ಸೋಂಕು. ಹಲ್ಲು ಕಿತ್ತ ಗುಳಿಯಲ್ಲಿ ಸತ್ತ ಎಲುಬು ಸರಿಯಾಗಿ ತೆರವಾಗದೆ ಉಳಿಯುತ್ತದೆ.

ಮದ್ದು ಇನ್ನೂ ಶುರುವಾಗಿಲ್ಲವೇ? ಹಾಳಾದ ಹಲ್ಲು ಈಗಲೇ ಕೀಳಿಸಿ, ಗಾಯ ಮಾಯ್ದ ಮೇಲೆ ಮೊದಲ ಡೋಸ್. ತುರ್ತಿಲ್ಲದಿದ್ದರೆ 4–6 ವಾರ ಕಾದರೆ ನಷ್ಟವಿಲ್ಲ.

ಶುರುವಾಗಿದ್ದರೆ, ಉಳಿಸಬಹುದಾದ ಹಲ್ಲಿಗೆ ರೂಟ್ ಕೆನಾಲ್ ಮಾಡಿಸುವುದೇ ಮೇಲು. ಕೀಳಲೇಬೇಕಾದರೆ ನೀವಾಗಿ ಮದ್ದು ನಿಲ್ಲಿಸಬೇಡಿ. ಅಲೆಂಡ್ರೋನೇಟ್ ಎಲುಬಿನಲ್ಲೇ ವರ್ಷಗಟ್ಟಲೆ ಉಳಿಯುವುದರಿಂದ ನಾಲ್ಕು ದಿನ ಬಿಟ್ಟರೆ ದವಡೆಗೆ ಏನೂ ಲಾಭವಾಗದು. ಡೆನೊಸುಮಾಬ್ ಬೇರೆ ಜಾತಿ: ಡೋಸ್ ತಡವಾದರೆ ಬೆನ್ನೆಲುಬು ಸಾಲಾಗಿ ಮುರಿಯುವುದುಂಟು. ಕೊನೆಯ ಇಂಜೆಕ್ಷನ್ನಿನಿಂದ 3–4 ತಿಂಗಳಿಗೆ ಹಲ್ಲು ಕೀಳಿಸಿದರೆ ಮುಂದಿನ ಡೋಸಿನೊಳಗೆ ಗಾಯ ಮಾಯಲು ಸಮಯ ಸಿಗುತ್ತದೆ. ಆ ಡೋಸ್ 7 ತಿಂಗಳು ದಾಟಬಾರದು. ಈ ತಾರೀಕನ್ನು ಎಲುಬಿನ ಮದ್ದು ಕೊಟ್ಟವರು, ಹಲ್ಲು ಕೀಳುವವರು ಇಬ್ಬರು ಡಾಕ್ಟರೂ ಮಾತಾಡಿ ಗೊತ್ತುಮಾಡಲಿ.

ಕಿತ್ತ ಮೇಲೆ ಸೋಂಕು ತಡೆಯುವ ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸಬೇಕು. ವೀಳ್ಯದ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿಯಂದಿರಿಗೆ ಅದನ್ನು ಬಿಡಿಸುವುದೇ ದೊಡ್ಡ ಕೆಲಸ, ಆದರೂ ಬಿಡಿಸಿ. ಸೆಟ್ ಹಲ್ಲು ಒತ್ತಿ ಹುಣ್ಣಾದರೂ ಇದೇ ತೊಂದರೆ ಶುರುವಾಗಬಹುದು. ರಾತ್ರಿ ತೆಗೆದು ನೀರಿನಲ್ಲಿಡಿ, ಸೆಟ್ಟಿನಲ್ಲಿ ಒತ್ತುವ ಜಾಗವನ್ನು ಹಲ್ಲಿನ ಡಾಕ್ಟರಲ್ಲಿ ಉಜ್ಜಿಸಿ.

ಗುಳಿಯಲ್ಲಿ ಹಳದಿ ಮಿಶ್ರಿತ ಬಿಳಿ ಎಲುಬು ಕಂಡರೆ, ನಾಲಗೆಗೆ ಚೂಪಾಗಿ ತಾಗಿದರೆ, ಕೀವು ಬಂದರೆ, ಕೆಳತುಟಿ ಜೋಮು ಹಿಡಿದರೆ ಕಡ್ಡಿ ಹಾಕಿ ಕೆದಕಬೇಡಿ. ನೋವಿಲ್ಲವೆಂದು ಕೂರುವುದೂ ಬೇಡ, ಎಷ್ಟೋ ಸಲ ಮೊದಮೊದಲು ನೋವೇ ಇರುವುದಿಲ್ಲ. ಎಲುಬು 8 ವಾರ ಕಳೆದರೂ ಮುಚ್ಚದಿದ್ದರೆ ರೋಗವೆಂದು ಲೆಕ್ಕ. ತೋರಿಸಲು ಅಷ್ಟು ದಿನ ಕಾಯದೆ ಚೀಟಿ ಹಿಡಿದು ದವಡೆಯ ಸರ್ಜನ್ ಬಳಿ ಹೋಗಿ.